ಜೂಮ್ ಮಸೂರದ ಮೈಕಟ್ಟು

ಮಸೂರದ ಯೋಗ್ಯತೆಯನ್ನು ಅಳೆಯುವಾಗ ಗಾಜಿನ ಗುಣವೇ ಮೊದಲು ನೆನಪಿಗೆ ಬರುವುದು ಸಹಜವಾಗಿದೆ. ಆದರೆ ನಾಭಿದೂರವನ್ನು ಬದಲಿಸಬಲ್ಲ ಜೂಮ್ ಮಸೂರದಲ್ಲಿ ಗಾಜನ್ನೂ ಅದನ್ನು ಹೊತ್ತ ಕೊಳವೆಯನ್ನೂ ಬೇರ್ಪಡಿಸಿ ವಿಚಾರಿಸುವುದು ಸಾಧ್ಯವಿಲ್ಲ. ಅದರೊಳಗಿನ ಗಾಜುಗಳು ಗುಂಪುಗುಂಪಾಗಿ ಹಿಂದುಮುಂದಕ್ಕೆ ಚಲಿಸುತ್ತಿದ್ದರೂ ಒಂದೇ ಅಕ್ಷವನ್ನು ಬಿಡದೆ ನಿಲ್ಲಬೇಕು. ಆದಕಾರಣ ಕೊಳವೆಯ ಕೆಲಸದಲ್ಲಿ ಉಳಿದ ಸಡಿಲವು ಚಿತ್ರದಲ್ಲಿ ಮಸುಕಾಗಿ ತೋರುತ್ತದೆ. ಹೀಗಿರಲು, ಭಾರವಾದ ಮಸೂರವೇ ದೃಢವಾದ ಮಸೂರವೆಂಬ ರೂಢಿಯ ನಂಬಿಕೆಯು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಈ ಉಪಕರಣದ ಚರಿತ್ರೆಯಿಂದ ನಿರ್ಣಯಿಸಬಹುದು.

ಜೂಮ್ ಮಸೂರವು ಮೊದಲು ಚಲಚ್ಚಿತ್ರದಲ್ಲಿ ನೆಲೆಯೂರಿತು. ಇಂಗ್ಲೆಂಡಿನ ಟೇಲರ್, ಟೇಲರ್ ಮತ್ತು ಹಾಬ್ಸನ್ ಸಂಸ್ಥೆಯ ಕುಕ್ ವಾರೋ ಮಸೂರವು 1932ರಲ್ಲಿ ಬಂದಿತು. ಅದರ ನಾಭಿದೂರ 40ರಿಂದ 120 ಮಿಲಿಮೀಟರು. ಸ್ಥಿರಚಿತ್ರದ 35 ಮಿ.ಮೀ. ಕ್ಯಾಮೆರಾಕ್ಕೆ ಇಂತಹ ಮಸೂರವು ದೊರೆತುದು 1959ರಲ್ಲಿ. ಫ್ರಾಂಕ್ ಬ್ಯಾಕ್ ರಚಿಸಿ, ಫೋಯ್ಕ್ಟ್‌ಲೆಂಡರ್ ಸಂಸ್ಥೆಯ ಹೆಸರಿನಲ್ಲಿ ಹೊರಬಂದ ಜೂಮಾರ್ 36ರಿಂದ 82 ಮಿಲಿಮೀಟರಿನದು. ಅದರಲ್ಲಿ 14 ಗಾಜುಗಳಿದ್ದವು. ಚಲಿಸುವ ಗುಂಪುಗಳನ್ನು ಒಂದಕ್ಕೊಂದು ಬಿಗಿದು ಏಕಕಾಲದಲ್ಲಿ ಸರಿಸುವ ಕ್ರಮವನ್ನು ಬ್ಯಾಕ್ ಅನುಸರಿಸಿದುದರಿಂದ, ಡೊಂಕಾದ ಗಾಡಿಗಳನ್ನು ಕೊರೆಯುವ ಸೂಕ್ಷ್ಮ ಕೆಲಸವು ತಪ್ಪಿತು. ಕೊಳವೆಯನ್ನು ನೇರವಾಗಿ ತಳ್ಳಿ ಎಳೆಯುವುದೇ ಬಳಕೆಯ ಕ್ರಮವಾಯಿತು. ಎಫ್/2.8ರ ಬೆಳಕು ಸಿಕ್ಕಿತಾದರೂ ಮುಂಬಾಯಿಗೆ 95 ಮಿ.ಮೀ. ಶೋಧಕವು ಬೇಕಾಯಿತು. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ನಡೆವವನಿಗೆ ಇದು ಹೊರೆಯೇ ಸರಿ.

ಈ ಹೊರೆಯನ್ನು ಇಳಿಸಿದುದು ಜಪಾನಿನ ನಿಕಾನ್ ಸಂಸ್ಥೆಯ 1963ರ 43-86 ಮಿ.ಮೀ. ಮಸೂರ. ತೂಕ ಸುಮಾರು 410 ಗ್ರಾಂ. ಶೋಧಕವು ಆ ಸಂಸ್ಥೆಯ ಇತರ ಹಲವು ಮಸೂರಗಳಿಗೆ ಹೊಂದುತ್ತಿದ್ದ 52 ಮಿ.ಮೀ. ಅಳತೆಯದು. ಒಂದೇ ಬಳೆಯನ್ನು ತಿರುಗಿಸಿದರೆ ಬಿಂಬವು ಸ್ಫುಟವಾಗುವುದು, ಸರಿಸಿದರೆ ನಾಭಿದೂರ ಬದಲಾಗುವುದು. ಎಡಗೈಯು ಸ್ಥಾನವನ್ನು ಬಿಡಬೇಕಾಗಿರಲಿಲ್ಲ. ಆದರೆ ಈ ಸೌಕರ್ಯಕ್ಕೆ ಬೆಲೆಯೂ ಉಂಟು. ಅಂಚಿನ ನೇರ ಗೆರೆಗಳು ಬಾಗಿ ಕಾಣುತ್ತಿದ್ದವು. ಆದುದರಿಂದ 1976ರಲ್ಲಿ ಗಾಜುಗಳ ಸಂಖ್ಯೆಯನ್ನು 9ರಿಂದ 11ಕ್ಕೆ ಏರಿಸಿ ಪುನಾರಚಿಸಿದರು. ಅಲ್ಲದೆ ಸರಿಸುವ ಬಳೆಗಳಿಗೆಲ್ಲ ಸಾಮಾನ್ಯವಾದ ದೋಷವೊಂದುಂಟು: ಒಳಗಿನ ಬಿಗಿ ಸವೆದ ಮೇಲೆ ಕ್ಯಾಮೆರಾವನ್ನು ಕೆಳಮುಖವಾಗಿ ಹಿಡಿದರೆ ಬಳೆಯು ತನ್ನ ಭಾರದಿಂದಲೇ ಜಾರುವುದು.

1985ರಲ್ಲಿ ಮಿನೋಲ್ಟಾ 7000 ಕ್ಯಾಮೆರಾ ಬಂದ ಮೇಲೆ ಸ್ಥಿತಿಯು ಬದಲಾಯಿತು. ಅದರ ಒಡಲಿನ ಮೋಟಾರೇ ಮಸೂರವನ್ನು ತಿರುಗಿಸಿ ಬಿಂಬವನ್ನು ಸ್ಫುಟಗೊಳಿಸುತ್ತಿತ್ತು. ಕೈಬೆರಳಿಗೆ ಹಿತವಾದ ಮಂದ ಬಿಗಿಯು ಸಣ್ಣ ಮೋಟಾರಿಗೆ ಅಡ್ಡಿ. ಆದ್ದರಿಂದ ಹಗುರವಾದ ಭಾಗಗಳೂ ಸಡಿಲವಾದ ಚಲನೆಯೂ ಅಗತ್ಯವಾದವು. ಸ್ಫುಟಗೊಳಿಸುವ ಬಳೆಯು ಕಿರಿದಾಯಿತು. ಎರಡು ಕಾರ್ಯಗಳನ್ನು ಒಂದೇ ಬಳೆಯಲ್ಲಿ ಸೇರಿಸುವುದರ ಪ್ರಯೋಜನವು ಕುಂದಿತು. ಈ ದಾರಿಯ ಒಂದು ತುದಿಯಲ್ಲಿ ಕ್ಯಾನನ್ ಸಂಸ್ಥೆಯ 2003ರ 18-55 ಮಿ.ಮೀ. ಮಸೂರವಿದೆ. ತೂಕ 190 ಗ್ರಾಂ ಮಾತ್ರ. ಕ್ಯಾಮೆರಾಕ್ಕೆ ಸೇರುವ ಕಟ್ಟು ಕೂಡ ಪ್ಲಾಸ್ಟಿಕ್. ಇದನ್ನು ಕೇವಲ ಅಗ್ಗದ ವಸ್ತುವೆಂದು ತಳ್ಳುವುದು ನ್ಯಾಯವಲ್ಲ. ಅಲ್ಪವ್ಯಯದಲ್ಲಿ ಬಹುಜನರ ಕೈಗೆ ಜೂಮನ್ನು ತಲಪಿಸಿದ ಮಸೂರವಿದು. ಆದರೂ ಸ್ಫುಟಗೊಳಿಸುವಾಗ ಅದರ ಮುಂಬಾಯಿಯು ತಿರುಗುವುದರಿಂದ ಧ್ರುವೀಕರಣ ಶೋಧಕವನ್ನು ಪುನಃ ಪುನಃ ಸರಿಪಡಿಸಬೇಕಾಗುವುದು.

ಇದಕ್ಕೆ ಪ್ರತಿಯಾಗಿ ಅದೇ ಸಂಸ್ಥೆಯ 2002ರ 24-70 ಮಿ.ಮೀ. ಎಫ್/2.8 ಮಸೂರವು 950 ಗ್ರಾಂ ತೂಗುವುದು. ಅದರ ಕೊಳವೆಯು 24ರಲ್ಲಿ ಮುಂಚಾಚಿ 70ರಲ್ಲಿ ಒಳಸರಿಯುವುದು. ಬಿಸಿಲುಮರೆಯಾದರೋ ಕದಲದ ಹೊರಮೈಗೆ ಸೇರಿದೆ. ಆದ್ದರಿಂದ ನೋಟವು ಕಿರಿದಾದಂತೆ ಗಾಜು ಮರೆಯೊಳಕ್ಕೆ ಇಳಿದು, ಪ್ರತಿಯೊಂದು ನಾಭಿದೂರಕ್ಕೂ ತಕ್ಕ ನೆರಳನ್ನು ಪಡೆಯುವುದು. 2012ರ ಉತ್ತರಾಧಿಕಾರಿಯು ಈ ಉಪಾಯವನ್ನು ಬಿಟ್ಟಿತು. ಆದರೆ ತೂಕವನ್ನು 805 ಗ್ರಾಂಗೆ ಇಳಿಸಿ, ಜಾರುವಿಕೆಯನ್ನು ತಡೆಯಲು ಅಗುಳಿಯೊಂದನ್ನು ಪಡೆಯಿತು.

ಇವುಗಳಿಂದ ಫಲಿತವಾಗುವುದೇನೆಂದರೆ, ಭಾರವು ದೃಢತೆಯ ಪ್ರಮಾಣವಲ್ಲ. ಬಳೆಯು ಆದ್ಯಂತ ಒಂದೇ ಬಿಗಿಯಿಂದ ತಿರುಗುವುದು, ಕೊಳವೆಯು ಅಡ್ಡಕ್ಕೆ ಅಲುಗದಿರುವುದು, ಇಟ್ಟ ಸ್ಥಾನದಲ್ಲಿ ನಿಲ್ಲುವುದು, ಮುಂಬಾಯಿಯು ತಿರುಗದಿರುವುದು, ಇವೇ ನಿಜವಾದ ಲಕ್ಷಣಗಳು. ಲೋಹವಾಗಲಿ ಪ್ಲಾಸ್ಟಿಕ್ಕಾಗಲಿ ಇವನ್ನು ಸಾಧಿಸುವ ಸಾಧನ ಮಾತ್ರ.