ಗಡಿ, ಗಾಡಿ ಮತ್ತು ಗಸಗಸೆ

ಕಳೆದ ಆಗಸ್ಟಿನಲ್ಲಿ ನಮ್ಮ ಕುಟುಂಬ ದುಬೈನಿಂದ ಒಮಾನಿನ ಸಲಾಲಾಕ್ಕೆ ಕಾರಿನಲ್ಲಿ ಹೊರಟಿತ್ತು. ಮರುಭೂಮಿಯ ನಡುವೆ ಮುಂಗಾರಿನ ಹನಿಯುದುರುವ ಆ ಊರಿಗೆ ನಮ್ಮ ಸಂಘದ ಹಲವು ಕುಟುಂಬಗಳು ಪ್ರತಿವರ್ಷ ಹೋಗಿಬರುವುದರಿಂದ ದಾರಿಯ ವರ್ಣನೆ ಇಲ್ಲಿ ಅನಗತ್ಯ. ಗಡಿಗೆ ಇನ್ನೂ ಅರ್ಧ ಗಂಟೆಯ ಹಾದಿಯಿದ್ದಾಗ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆವು. ಮಕ್ಕಳಿಗೆ ಹಸಿವು. ಊರಿನಿಂದ ಬಂದಿದ್ದ ಅಮ್ಮ ಡಿಕ್ಕಿಯಲ್ಲಿದ್ದ ಚಕ್ಕುಲಿ ಡಬ್ಬಿಯನ್ನು ತೆಗೆಯಲು ಹೇಳಿದರು. ಡಬ್ಬಿಯ ಪಕ್ಕದಲ್ಲಿ, ಎರಡು ಪ್ಲಾಸ್ಟಿಕ್ ಕವರುಗಳಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದ ಪುಟ್ಟದೊಂದು ಪೊಟ್ಟಣ ಕಂಡಿತು. ಬಿಚ್ಚಿ ನೋಡಿದರೆ ಗಸಗಸೆ! ಸಲಾಲಾದ ಬಾಡಿಗೆ ಮನೆಯಲ್ಲಿ ಮೊಮ್ಮಕ್ಕಳಿಗೆ ಪಾಯಸ ಮಾಡಿಕೊಡುವ ಸಂಕಲ್ಪ ಅವರದು.

"ಇದನ್ನ ಊರಿಂದಲೇ ತಂದೆಯಾ ಅಮ್ಮ?" ಎಂದೆ.

"ಹೌದು ಕಣೋ, ಇಲ್ಲಿ ಎಲ್ಲೂ ಸಿಗಲ್ಲ ಅಂತ ನೀನೇ ಹೇಳಿದ್ಯಲ್ಲ."

ಹೇಳಿದ್ದು ನಿಜ. ಏಕೆ ಸಿಗುವುದಿಲ್ಲ ಎಂಬುದನ್ನು ಮಾತ್ರ ನಾನು ಹೇಳಿರಲಿಲ್ಲ. ಗಸಗಸೆ ಅಫೀಮಿನ ಗಿಡದ ಬೀಜ. ಬೀಜದೊಳಗೆ ಮಾದಕಾಂಶ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಾಯಿಯ ಹಾಲಿನ ಲೇಶ ಬೀಜದ ಮೈಗೆ ಅಂಟಿಕೊಂಡಿರಬಹುದು. ಆದ್ದರಿಂದ ಸಂಯುಕ್ತ ಅರಬ್ ಸಂಸ್ಥಾನವೂ ಸೌದಿ ಅರೇಬಿಯಾವೂ ಅದನ್ನು ನಿಷೇಧಿತ ಪದಾರ್ಥಗಳ ಸಾಲಿನಲ್ಲಿ ಇರಿಸಿವೆ. ಪೊಟ್ಟಣವನ್ನು ಶೌಚಾಲಯದಲ್ಲಿ ಖಾಲಿ ಮಾಡಿ ಕೈ ತೊಳೆದುಕೊಂಡು ಬಂದು ಮತ್ತೆ ಸ್ಟಿಯರಿಂಗ್ ಹಿಡಿದಾಗ ಅಂಗೈ ಬೆವರುತ್ತಿತ್ತು. ಗಡಿಯಲ್ಲಿ ಅದು ಸಿಕ್ಕಿದ್ದರೆ ಉತ್ತರ ಕೊಡಬೇಕಾದವರು ಯಾರು? ಕಾರು ನನ್ನ ಹೆಸರಿನಲ್ಲಿದೆ, ಓಡಿಸುತ್ತಿದ್ದವನೂ ನಾನೇ. "ಗೊತ್ತಿರಲಿಲ್ಲ" ಎಂಬ ಮಾತನ್ನು ಗಡಿಯ ಅಧಿಕಾರಿ ದಿನಕ್ಕೆ ಎಷ್ಟು ಬಾರಿ ಕೇಳುತ್ತಾನೋ!

ಪ್ರವಾಸದಿಂದ ಮರಳಿದ ಮೇಲೂ ಆ ಪ್ರಶ್ನೆ ಮನಸ್ಸನ್ನು ಬಿಡಲಿಲ್ಲ. ಕಾರಿನಲ್ಲಿ ಗಡಿ ದಾಟಿದ ನಿಷಿದ್ಧ ಸರಕಿನ ಚರಿತ್ರೆಯನ್ನು ಬಿಡುವಾದಾಗಲೆಲ್ಲ ಓದತೊಡಗಿದೆ. ಅದರಲ್ಲಿ ಕಂಡ ಕೆಲವು ಸಂಗತಿಗಳನ್ನು ಸಂಘದ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಎರಡನೆಯ ಮಹಾಯುದ್ಧ ಮುಗಿದು ಒಂದು ದಶಕ ಕಳೆಯುವಷ್ಟರಲ್ಲಿ ಯುರೋಪಿನಿಂದ ಭಾರತಕ್ಕೆ ರಸ್ತೆಯ ಮೇಲೆ ಬರುವ ಹುರುಪು ಮೂಡಿತ್ತು. 1957ರಲ್ಲಿ ಲಂಡನ್ನಿನಿಂದ ಕಲ್ಕತ್ತಕ್ಕೆ 'ಇಂಡಿಯಾಮನ್' ಎಂಬ ಬಸ್ಸು ಹೊರಟಿತು. ಅರವತ್ತರ ದಶಕದ ನಡುವಿನ ಹೊತ್ತಿಗೆ ಆ ಹಾದಿಗೆ 'ಹಿಪ್ಪಿ ಟ್ರೇಲ್' ಎಂಬ ಹೆಸರೇ ಬಿದ್ದಿತ್ತು. ಇಸ್ತಾಂಬುಲ್, ಟೆಹರಾನ್, ಹೆರಾತ್, ಕಂದಹಾರ್, ಕಾಬೂಲ್, ಖೈಬರ್ ಕಣಿವೆ, ಪೇಶಾವರ, ಲಾಹೋರ್, ದೆಹಲಿ. ಅಲ್ಲಿಂದ ಕೆಲವರು ಕಠ್ಮಂಡುವಿಗೆ, ಕೆಲವರು ಗೋವೆಗೆ. ಇಸ್ತಾಂಬುಲಿನ ಸುಲ್ತಾನಹಮೆತ್ ಬಡಾವಣೆಯ 'ಪುಡ್ಡಿಂಗ್ ಶಾಪ್' ಎಂಬ ಉಪಾಹಾರ ಗೃಹದ ಸೂಚನಾ ಫಲಕವೇ ಆ ಪಯಣಿಗರ ಅಂಚೆ ಕಚೇರಿ. ಹಳೆಯ ಫೋಕ್ಸ್‌ವ್ಯಾಗನ್ ವ್ಯಾನು, ಲ್ಯಾಂಡ್ ರೋವರು, ಗುಜರಿಗೆ ಹೋಗಬೇಕಿದ್ದ ಬಸ್ಸು, ಹೀಗೆ ಉರುಳುವುದೆಲ್ಲವೂ ಆ ದಾರಿಯಲ್ಲಿ ಉರುಳಿತು. ಮುಂದೆ 'ಲೋನ್ಲಿ ಪ್ಲಾನೆಟ್' ಸಂಸ್ಥೆಯನ್ನು ಕಟ್ಟಿದ ಟೋನಿ ಮತ್ತು ಮೌರೀನ್ ವೀಲರ್ ದಂಪತಿಗಳು 1972ರಲ್ಲಿ ಹಳೆಯ ಮಿನಿ ವ್ಯಾನೊಂದರಲ್ಲಿ ಹೊರಟು, ಅದನ್ನು ಅಫ್ಘಾನಿಸ್ತಾನದಲ್ಲಿ ಮಾರಿ ಮುಂದೆ ಸಾಗಿದರು.

ಈ ದಾರಿಯಲ್ಲಿ ಮೊದಲ ಸಂಶಯದ ಸರಕು ಕಾರೇ ಆಗಿತ್ತು! ಸುಂಕ ತೆರದೆ ವಿದೇಶಿ ವಾಹನವನ್ನು ಮಾರುವುದು ಕಳ್ಳಸಾಗಣೆಯೇ. ಆದ್ದರಿಂದ 'ಕಾರ್ನೆ' ಎಂಬ ದಾಖಲೆ ಬೇಕಾಗುತ್ತಿತ್ತು. ವಾಹನ ಒಳಬಂದಾಗ ಒಂದು ಮುದ್ರೆ, ಹೊರಹೋದಾಗ ಇನ್ನೊಂದು. ಹೊರಹೋಗದಿದ್ದರೆ ಜಾಮೀನು ನಿಂತ ಸಂಸ್ಥೆ ಸುಂಕ ಕಟ್ಟಬೇಕು. ಎಷ್ಟೋ ಗಡಿಗಳಲ್ಲಿ ಕಾರಿನ ವಿವರವನ್ನು ಮಾಲೀಕನ ಪಾಸ್‌ಪೋರ್ಟಿನಲ್ಲಿಯೇ ಬರೆಯುತ್ತಿದ್ದರು. ಕಾರಿಲ್ಲದೆ ಅವನು ದೇಶ ಬಿಡುವಂತಿರಲಿಲ್ಲ. ಒಮಾನಿಗೆ ಹೋಗುವಾಗ ನಾವು ಮಾಡಿಸುವ ವಿಮೆಯ 'ಆರೆಂಜ್ ಕಾರ್ಡ್' ಬೇರೆಯದೇ ಕಾಗದವಾದರೂ, ಗಡಿಯ ದೃಷ್ಟಿಯಲ್ಲಿ ಗಾಡಿಯನ್ನೂ ಅದರ ಒಡೆಯನನ್ನೂ ಬೇರ್ಪಡಿಸಲಾಗದು ಎಂಬ ತತ್ವವೊಂದೇ.

ಎರಡನೆಯ ಸರಕು ಅಫ್ಘಾನಿಸ್ತಾನದ ಹಶೀಶ್, ನಮ್ಮ ಮಾತಿನಲ್ಲಿ ಚರಸ್. ಅಲ್ಲಿ ಅಗ್ಗವಾಗಿದ್ದ ಅದು ಯುರೋಪು, ಅಮೆರಿಕಗಳನ್ನು ತಲುಪುವಾಗ ಹಲವು ಪಟ್ಟು ಬೆಲೆ ಬಾಳುತ್ತಿತ್ತು. ಕ್ಯಾಲಿಫೋರ್ನಿಯಾದ ಲಗೂನಾ ಬೀಚಿನ 'ಬ್ರದರ್‌ಹುಡ್ ಆಫ್ ಇಟರ್ನಲ್ ಲವ್' ಎಂಬ ಗುಂಪು ಅರವತ್ತರ ದಶಕದ ಕೊನೆಯಲ್ಲಿ ಕಂದಹಾರಿನಿಂದ ಅದನ್ನು ಫೋಕ್ಸ್‌ವ್ಯಾಗನ್ ವ್ಯಾನುಗಳ ಒಡಲಿನಲ್ಲಿ ಅಡಗಿಸಿ, ವ್ಯಾನುಗಳನ್ನು ಹಡಗಿಗೇರಿಸಿ ಸಾಗಿಸಿತು. 1972ರ ಆಗಸ್ಟಿನಲ್ಲಿ ನಡೆದ ದಾಳಿಗಳಲ್ಲಿ ಆ ಗುಂಪಿನ ಹಲವರು ಸೆರೆಯಾದರು. ಬಾಗಿಲ ಒಳಪಟ್ಟಿ, ನೆಲಹಾಸಿನ ಕೆಳಗಣ ಟೊಳ್ಳು, ಪೆಟ್ರೋಲ್ ಟ್ಯಾಂಕಿನ ಒಳಗೋಡೆ, ಸ್ಟೆಪ್ನಿ ಚಕ್ರ: ಬಚ್ಚಿಡುವವನಿಗೆ ಹೊಳೆದ ಜಾಗಗಳೆಲ್ಲ ಹುಡುಕುವವನಿಗೂ ಬಹುಬೇಗ ತಿಳಿದವು.

ಇರಾನಿನ ಷಾ ಸರ್ಕಾರ 1969ರಲ್ಲಿ ಮಾದಕ ವಸ್ತುಗಳ ಸಾಗಣೆಗೆ ಮರಣದಂಡನೆಯನ್ನು ವಿಧಿಸಿತು. ಅಫ್ಘಾನಿಸ್ತಾನದಿಂದ ಪಶ್ಚಿಮಕ್ಕೆ ಮರಳುವ ಪ್ರತಿಯೊಂದು ವಾಹನವೂ ಇರಾನನ್ನು ದಾಟಲೇಬೇಕು. ತಾಯಬಾದಿನ ಬಳಿಯ ಗಡಿ ಠಾಣೆಯಲ್ಲಿ ಒಂದು ಪುಟ್ಟ ಪ್ರದರ್ಶನವಿತ್ತೆಂದು ಆ ಕಾಲದ ಪ್ರವಾಸಿಗರು ಬರೆದಿದ್ದಾರೆ. ಎಲ್ಲೆಲ್ಲಿ ಸರಕು ಅಡಗಿಸಿದ್ದರು, ಅಡಗಿಸಿದವರಿಗೆ ಏನಾಯಿತು ಎಂಬುದನ್ನು ಬಂದವರೆಲ್ಲ ನೋಡಲೆಂದು ಅಲ್ಲಿ ಇರಿಸಿದ್ದರು. ಸಾಲಿನಲ್ಲಿ ನಿಂತ ಪಯಣಿಗರಿಗೆ ಅದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಿರಲಿಲ್ಲ.

ಟರ್ಕಿಯ ಕಾನೂನೂ ಸಡಿಲವಾಗಿರಲಿಲ್ಲ. 1971ರಲ್ಲಿ ಇಸ್ತಾಂಬುಲಿನಲ್ಲಿ ಹದಿನಾಲ್ಕು ವರ್ಷದ ಬ್ರಿಟಿಷ್ ಬಾಲಕನೊಬ್ಬ ಹಶೀಶ್ ಪ್ರಕರಣದಲ್ಲಿ ಬಂಧಿತನಾದ. ಮರುವರ್ಷ ಅವನಿಗೆ ಆರು ವರ್ಷಕ್ಕೂ ಮೀರಿದ ಶಿಕ್ಷೆಯಾಯಿತು. ಬ್ರಿಟನ್ನಿನಲ್ಲಿ ದೊಡ್ಡ ಕೋಲಾಹಲವೆದ್ದರೂ 1974ರವರೆಗೆ ಅವನು ಹೊರಬರಲಿಲ್ಲ. ನನಗೂ ಆ ವಯಸ್ಸಿನ ಮಗನಿದ್ದಾನೆ. ಆ ಪುಟವನ್ನು ಓದಿದ ರಾತ್ರಿ ಅವನ ಕೋಣೆಯ ಬಾಗಿಲನ್ನು ಒಮ್ಮೆ ಮೆಲ್ಲನೆ ತೆರೆದು ನೋಡಿದೆ.

ಸರಕಿನ ಒಡೆಯನಿಗೂ ಸರಕು ಹೊತ್ತವನಿಗೂ ಇರುವ ಅಂತರವನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುವ ಕಥೆಯೊಂದು ಟರ್ಕಿಯ ಅಫೀಮಿನ ಹೊಲಗಳಿಂದಲೇ ಹೊರಡುತ್ತದೆ. ಅಲ್ಲಿ ಅಫ್ಯೋನ್ ಎಂಬ ಊರಿದೆ. ಆ ಹೆಸರಿನ ಅರ್ಥವೇ ಅಫೀಮು. ನಮ್ಮ 'ಅಫೀಮು' ಪದವೂ ಅದೇ ಮೂಲದ್ದು. ಸರ್ಕಾರದ ಪರವಾನಗಿಯಿಂದ ಔಷಧಕ್ಕಾಗಿ ಬೆಳೆಯುತ್ತಿದ್ದ ಆ ಬೆಳೆಯ ಒಂದು ಪಾಲು ಗುಟ್ಟಾಗಿ ಹೊರಕ್ಕೆ ಹರಿಯುತ್ತಿತ್ತು. ಸುಮಾರು ಹತ್ತು ಕಿಲೋ ಅಫೀಮಿನಿಂದ ಒಂದು ಕಿಲೋ ಮಾರ್ಫಿನ್ ದೊರೆಯುತ್ತದೆ. ಹೀಗೆ ಭಾರ ಇಳಿಸಿಕೊಂಡ ಸರಕು ಹಡಗುಗಳಲ್ಲಿಯೂ, ಬಲ್ಗೇರಿಯಾ, ಯುಗೊಸ್ಲಾವಿಯಾಗಳ ರಸ್ತೆಗಳಲ್ಲಿ ಕಾರು, ಲಾರಿಗಳಲ್ಲಿಯೂ ಪಶ್ಚಿಮಕ್ಕೆ ಸಾಗಿ ಫ್ರಾನ್ಸಿನ ಮಾರ್ಸೇಲ್ ನಗರದ ಗುಪ್ತ ಪ್ರಯೋಗಾಲಯಗಳನ್ನು ಸೇರಿ ಹೆರಾಯಿನ್ ಆಗುತ್ತಿತ್ತು. ಆ ಹೆರಾಯಿನ್ನನ್ನು 1898ರಲ್ಲಿ ಕೆಮ್ಮಿನ ಔಷಧವೆಂದು ಮಾರುಕಟ್ಟೆಗೆ ತಂದದ್ದು ಜರ್ಮನಿಯ ಬೇಯರ್ ಸಂಸ್ಥೆ ಎಂಬುದನ್ನು ವೈದ್ಯನಾಗಿ ನಾನು ತಲೆ ತಗ್ಗಿಸಿಯೇ ಬರೆಯಬೇಕು.

ಮಾರ್ಸೇಲಿನಿಂದ ಅಮೆರಿಕಕ್ಕೆ ಹೋದ ಸರಕುಗಳಲ್ಲಿ ಬಹು ಪ್ರಸಿದ್ಧವಾದದ್ದು ಒಂದು ಬ್ಯೂಕ್ ಕಾರಿನಲ್ಲಿ ಹೋಯಿತು. ಝಾಕ್ ಆಂಜೆಲ್ವ್ಯಾನ್ ಎಂಬಾತ ಫ್ರೆಂಚ್ ದೂರದರ್ಶನದ ಜನಪ್ರಿಯ ನಿರೂಪಕ. 1962ರ ಜನವರಿಯಲ್ಲಿ ಅವನು ತನ್ನ ಬ್ಯೂಕ್ ಕಾರಿನೊಡನೆ ಲ ಆವ್ರ್ ಬಂದರಿನಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದಿಳಿದ. ಹೆಸರುಳ್ಳ ವ್ಯಕ್ತಿ, ಬೆಲೆಬಾಳುವ ಕಾರು, ಸಂಶಯಕ್ಕೆ ಎಡೆಯೆಲ್ಲಿ? ಕಾರಿನ ಒಡಲಿನಲ್ಲಿ ಸುಮಾರು 50 ಕಿಲೋ ಹೆರಾಯಿನ್ ಇತ್ತು. ಪೊಲೀಸರು ಅವನನ್ನು ಹಿಡಿಯುವ ವೇಳೆಗೆ ಸರಕು ಕಾರಿನಿಂದ ಇಳಿದು ನ್ಯೂಯಾರ್ಕಿನ ಬೇರೆ ಕೈಗಳನ್ನು ಸೇರಿತ್ತು. ಆದರೆ ಕಾರು ಅವನದೇ, ಅದರೊಳಗಿನ ಗುಪ್ತ ಕೋಣೆಗಳೂ ಅಲ್ಲಿಯೇ ಇದ್ದವು. ಅವನು ಅಮೆರಿಕದ ಸೆರೆಮನೆಯಲ್ಲಿದ್ದು 1967ರಲ್ಲಿ ಫ್ರಾನ್ಸಿಗೆ ಮರಳಿದ. ಇಡೀ ವ್ಯವಹಾರದ ಸೂತ್ರಧಾರನೆಂದು ಪೊಲೀಸರು ಗುರುತಿಸಿದ ಝಾನ್ ಝೆಯಾನ್ ಮಾತ್ರ ನ್ಯೂಯಾರ್ಕಿನಿಂದ ತಪ್ಪಿಸಿಕೊಂಡು ಹೋದವನು ಅಮೆರಿಕದ ನ್ಯಾಯಾಲಯದ ಮುಂದೆ ಎಂದೂ ನಿಲ್ಲಲಿಲ್ಲ. ಅವನು ಆ ಕಾರನ್ನು ಓಡಿಸಿಕೊಂಡು ಗಡಿ ದಾಟಿರಲಿಲ್ಲವಲ್ಲ!

ಈ ಪ್ರಕರಣವನ್ನು ಆಧರಿಸಿ 1971ರಲ್ಲಿ 'ದಿ ಫ್ರೆಂಚ್ ಕನೆಕ್ಷನ್' ಚಲನಚಿತ್ರ ಬಂದು ಆಸ್ಕರ್ ಪಡೆಯಿತು. ಚಿತ್ರದಲ್ಲಿ ಪೊಲೀಸರು ಕಾರನ್ನು ಬಿಚ್ಚಿ ಬಿಚ್ಚಿ ಸೋತು, ಕೊನೆಗೆ ತೂಕ ಮಾಡಿಸಿದ್ದರಲ್ಲಿ 120 ಪೌಂಡ್ ಹೆಚ್ಚಿರುವುದನ್ನು ಕಂಡು ಗುಟ್ಟು ಭೇದಿಸುತ್ತಾರೆ. ಚಿತ್ರಕ್ಕೆ ಸಿಗದ ಉತ್ತರಾರ್ಧವೊಂದು ನಿಜದಲ್ಲಿ ನಡೆಯಿತು. ಪೊಲೀಸರು ಸಾಕ್ಷ್ಯವೆಂದು ಕಾಪಾಡಿಟ್ಟಿದ್ದ ಆ ಹೆರಾಯಿನ್ ಬದಲಿಗೆ ಚೀಲಗಳಲ್ಲಿ ಬರಿಯ ಹಿಟ್ಟು ಇರುವುದು 1972ರ ಡಿಸೆಂಬರಿನಲ್ಲಿ ಬಯಲಾಯಿತು. ಸಾಕ್ಷ್ಯದ ಚೀಲಗಳಿಗೆ ಹುಳು ಬಿದ್ದಿತ್ತು. ಪೊಲೀಸರು ಹಿಡಿದದ್ದು ಮನೆಯೊಳಗಿನಿಂದಲೇ ಕಳುವಾಗಿತ್ತು.

ಅಮೆರಿಕದ ಒತ್ತಡದಿಂದ ಟರ್ಕಿ 1971ರಲ್ಲಿ ಅಫೀಮು ಬೆಳೆಯ ನಿಷೇಧವನ್ನು ಘೋಷಿಸಿತು. ಬೀಜದ ಎಣ್ಣೆಯನ್ನೂ, ದನಗಳಿಗೆ ಹಿಂಡಿಯನ್ನೂ, ರೊಟ್ಟಿಗೆ ಬೀಜವನ್ನೂ ಅದೇ ಗಿಡದಿಂದ ಪಡೆಯುತ್ತಿದ್ದ ಅನಾತೋಲಿಯಾದ ರೈತರಿಗೆ ಅದು ದೊಡ್ಡ ಪೆಟ್ಟು. 1974ರಲ್ಲಿ ನಿಷೇಧ ತೆರವಾಯಿತು, ಆದರೆ ಹೊಸ ನಿಯಮದೊಡನೆ: ಕಾಯಿಗೆ ಗೀರು ಹಾಕಿ ಹಾಲು ತೆಗೆಯುವಂತಿಲ್ಲ, ಒಣಗಿದ ಕಾಯಿಯನ್ನು ಸರ್ಕಾರಕ್ಕೆ ಕೊಡಬೇಕು, ಬೀಜವನ್ನು ರೈತ ಮಾರಿಕೊಳ್ಳಬಹುದು. ಆ ಬೀಜವನ್ನು ಬಹುವಾಗಿ ಕೊಳ್ಳುವ ದೇಶಗಳಲ್ಲಿ ಭಾರತವೂ ಒಂದು. ಬೆಂಗಳೂರಿನ ದಿನಸಿ ಅಂಗಡಿಯಲ್ಲಿ ಅಮ್ಮ ಕೊಂಡ ಗಸಗಸೆ ಅಫ್ಯೋನಿನ ಹೊಲದ್ದೇ ಆಗಿದ್ದರೂ ಆಶ್ಚರ್ಯವಿಲ್ಲ. ಒಂದೇ ಕಾಯಿಯ ಹಾಲು ಮಾರ್ಸೇಲಿನ ಹೆರಾಯಿನ್ ಆಯಿತು, ಬೀಜ ನಮ್ಮ ಹಬ್ಬದ ಪಾಯಸವಾಯಿತು.

ಹಿಪ್ಪಿಗಳ ಹಾದಿ 1979ರಲ್ಲಿ ಮುಚ್ಚಿಹೋಯಿತು. ಇರಾನಿನಲ್ಲಿ ಕ್ರಾಂತಿಯಾಯಿತು, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿತು. ಸರಕು ಮಾತ್ರ ಹೊಸ ಹಾದಿಗಳನ್ನು ಹುಡುಕಿಕೊಂಡಿತು. ಇಂದು ನಮ್ಮ ಗಲ್ಫ್ ನಾಡುಗಳ ಗಡಿಗಳಿಗೆ ತಲೆನೋವಾಗಿರುವುದು 'ಕ್ಯಾಪ್ಟಗಾನ್' ಮಾತ್ರೆ. 1961ರಲ್ಲಿ ಜರ್ಮನಿಯಲ್ಲಿ ಔಷಧವಾಗಿ ಹುಟ್ಟಿದ ಅದರ ಹೆಸರಿನಲ್ಲಿ ಈಗ ಕಳ್ಳ ತಯಾರಿಕೆಗಳು ಬರುತ್ತಿವೆ. 2021ರಲ್ಲಿ ದಾಳಿಂಬೆ ಹಣ್ಣುಗಳೊಳಗೆ ಅಡಗಿಸಿದ್ದ ಲಕ್ಷಾಂತರ ಮಾತ್ರೆಗಳು ಸಿಕ್ಕ ಬಳಿಕ ಸೌದಿ ಅರೇಬಿಯಾ ಲೆಬನಾನಿನ ಹಣ್ಣು ತರಕಾರಿಗಳನ್ನೇ ನಿಷೇಧಿಸಿತು. ಇಂತಹ ಗಡಿಯಲ್ಲಿ ನಿಂತ ಅಧಿಕಾರಿ ನಮ್ಮ ಡಬ್ಬಿಗಳನ್ನು ತೆರೆಸಿದರೆ ಅದು ನಮ್ಮ ಮೇಲಿನ ಹಗೆಯಲ್ಲ.

ವೈದ್ಯನಾಗಿ ಒಂದೆರಡು ಮಾತು ಹೇಳಿ ಮುಗಿಸುತ್ತೇನೆ. ಊರಿನಲ್ಲಿ ಸುಲಭವಾಗಿ ಸಿಗುವ ಕೋಡೀನ್ ಇರುವ ಕೆಮ್ಮಿನ ಸಿರಪ್, ನೋವಿನ ಟ್ರಮಡಾಲ್, ನಿದ್ರೆಗೂ ಆತಂಕಕ್ಕೂ ಕೊಡುವ ಅಲ್ಪ್ರಾಜೋಲಾಮ್, ನರಗಳ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಇವೆಲ್ಲ ಇಲ್ಲಿ ನಿಯಂತ್ರಿತ ಔಷಧಗಳು. ತಂದೆತಾಯಿಯರು ಬರುವ ಮುನ್ನ ಅವರ ಮಾತ್ರೆಗಳ ಪಟ್ಟಿಯನ್ನು ತರಿಸಿಕೊಂಡು, ಅನುಮತಿ ಬೇಕಿದ್ದರೆ ಮೊದಲೇ ಪಡೆಯಿರಿ. ವೈದ್ಯರ ಚೀಟಿ ಜೊತೆಗಿರಲಿ. "ನಮ್ಮವರಿಗೆ ತಲುಪಿಸಿಬಿಡಿ" ಎಂದು ಯಾರಾದರೂ ಕೊಟ್ಟ ಪೊಟ್ಟಣವನ್ನು ಅವರ ಎದುರಿಗೇ ಬಿಚ್ಚಿ ನೋಡಿ. ದಾಕ್ಷಿಣ್ಯ ಬೇಡ. ಹಿರಿಯರಿಗೆ "ಇಲ್ಲಿ ಸಿಗುವುದಿಲ್ಲ" ಎಂದಷ್ಟೇ ಹೇಳಿ ಸುಮ್ಮನಾಗದೆ, "ಇಲ್ಲಿ ನಿಷೇಧವಿದೆ" ಎಂದು ಬಿಡಿಸಿ ಹೇಳಿ. ಆ ಅರ್ಧ ವಾಕ್ಯವನ್ನು ನುಂಗಿದ್ದು ನನ್ನ ತಪ್ಪು; ಅಮ್ಮನದಲ್ಲ.

ಅಂದು ಗಡಿಯಲ್ಲಿ ಅಧಿಕಾರಿ ಚಕ್ಕುಲಿ ಡಬ್ಬಿಯನ್ನು ತೆರೆಸಿ ನೋಡಿ, ನಗುತ್ತ ಮುಚ್ಚಿ ನಮ್ಮನ್ನು ಬಿಟ್ಟುಕೊಟ್ಟ. ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ. "ಪೊಲೀಸಿನವರು ನಿನ್ನನ್ನ ಹಿಡ್ಕೊಂಡು ಹೋಗ್ತಿದ್ರೇನೋ?" ಎಂದು ಮರುಭೂಮಿಯ ನಡುವೆ ಎಲ್ಲಿಯೋ ಒಮ್ಮೆ ಕೇಳಿದರು. ನಾನು ರಸ್ತೆಯ ಮೇಲಿನ ಕಣ್ಣು ತೆಗೆಯದೆ "ಇಲ್ಲಮ್ಮ" ಎಂದೆ. ಸಲಾಲಾದಲ್ಲಿ ರಸ್ತೆಯ ಬದಿಗೆಲ್ಲ ತೆಂಗು. ನಮ್ಮ ಕರಾವಳಿಯೇ ಎದ್ದು ಬಂದಂತೆ. ಅಲ್ಲಿ ಕೊಂಡ ಕಾಯಿಯನ್ನು ತುರಿದು ಅಮ್ಮ ಕಾಯಿಪಾಯಸ ಮಾಡಿದರು. ಮಕ್ಕಳು ಎರಡೆರಡು ಬಾರಿ ಹಾಕಿಸಿಕೊಂಡು ತಿಂದರು.