ಅಪಕ್ವಾಹಾರ: ಹೆಬ್ಬೆ ಸೀಮೆ ಮತ್ತು ಕರ್ನಾಟಕದಲ್ಲಿ ಅದರ ಚರಿತ್ರೆ

ಒಲೆಯ ಮೇಲಿಡದ, ಉಪ್ಪು ಹುಳಿ ಖಾರ ಬೆರೆಸದ ಸಸ್ಯಾಹಾರವನ್ನು ಅದರ ಸಹಜ ರುಚಿಯಲ್ಲೇ ತಿಂದು ಬದುಕುವ ಕ್ರಮ ಅಪಕ್ವಾಹಾರ. ಹಣ್ಣು, ಹಸಿ ತರಕಾರಿ, ಸೊಪ್ಪು, ತೆಂಗಿನಕಾಯಿ, ನೆನೆಸಿದ ಮತ್ತು ಮೊಳಕೆ ಬಂದ ಕಾಳು ಇದರ ಮುಖ್ಯ ಪದಾರ್ಥಗಳು. ಕಟ್ಟುನಿಟ್ಟಾಗಿ ಪಾಲಿಸುವವರು ಹಾಲು, ಮೊಸರು, ತುಪ್ಪ, ಜೇನನ್ನೂ ಬಿಡುತ್ತಾರೆ. ಮನುಷ್ಯನ ಮೂಲ ಆಹಾರವೇ ಇದು, ಅಡುಗೆ ಆಮೇಲೆ ಅಂಟಿಕೊಂಡ ಚಟ ಎಂಬುದು ಇದರ ಪ್ರತಿಪಾದಕರ ವಾದ. ಕರ್ನಾಟಕದ ಆಹಾರ ಚರಿತ್ರೆ ಈ ವಾದಕ್ಕೆ ಪುಷ್ಟಿ ಕೊಡುವುದಿಲ್ಲ. ಇಲ್ಲಿ ಹಸಿ ಆಹಾರ ಋತುವಿಗೆ, ವ್ರತಕ್ಕೆ, ಚಿಕಿತ್ಸೆಗೆ ಸೇರಿದ್ದಾಗಿತ್ತೇ ಹೊರತು ವರ್ಷವಿಡೀ ನಡೆಯುವ ಊಟವಾಗಿರಲಿಲ್ಲ. ಆದರೆ ಅದೇ ಚರಿತ್ರೆ, ಒಗ್ಗರಣೆ ಉಪ್ಪುಗಳ ಹಂಗಿಲ್ಲದೆ ಪದಾರ್ಥದ ಸ್ವಂತ ರುಚಿಯನ್ನು ಸವಿಯಲು ನಾಲಿಗೆಯನ್ನು ಪಳಗಿಸಬಹುದು ಎಂಬ ಮಾತಿಗೆ ಗಟ್ಟಿ ಆಧಾರ ಒದಗಿಸುತ್ತದೆ. ಅಪಕ್ವಾಹಾರದಲ್ಲಿ ಉಳಿಸಿಕೊಳ್ಳಬೇಕಾದ ಸತ್ವ ಇದು.

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಕೆಳಗಿನ ಹೆಬ್ಬೆ ಕಾಡನ್ನು ನೋಡಿದರೆ ಮೊದಲ ಮಾತು ಸ್ಪಷ್ಟವಾಗುತ್ತದೆ. ಜಲಪಾತಕ್ಕಾಗಿ ಹೆಸರಾದ ಈ ಪ್ರದೇಶ ಭದ್ರಾ ಅಭಯಾರಣ್ಯದ ಭಾಗ. ಸುತ್ತ ಕಾಫಿ ತೋಟಗಳು, ಕೆಳಗೆ ಅಡಿಕೆ ತೆಂಗಿನ ಸೀಮೆ. ಇಂಥ ಮಲೆನಾಡಿನ ಕಾಡು ಹಸಿಯಾಗಿಯೇ ತಿನ್ನಲು ಕೊಡುವುದು ಕಡಿಮೆಯೇನಲ್ಲ: ಕಾಡುಮಾವು, ಹೆಬ್ಬಲಸು, ನೇರಳೆ, ಕವಳಿ, ಚಳಿಗಾಲದ ನೆಲ್ಲಿ. ಆದರೆ ಇವುಗಳಲ್ಲಿ ಹೆಚ್ಚಿನವು ಬೇಸಗೆಯ ಕೊನೆಗೂ ಮುಂಗಾರಿನ ಮೊದಲಿಗೂ ನಡುವಿನ ಕೆಲವೇ ವಾರಗಳಲ್ಲಿ ಒಟ್ಟಿಗೆ ಮಾಗಿ ಮುಗಿದುಹೋಗುತ್ತವೆ. ಮಳೆ ಹಿಡಿದ ಮೇಲೆ ಹೊಟ್ಟೆ ತುಂಬಿಸುವ ಕೆಸು, ಕಳಲೆ, ಕಾಡುಗೆಣಸುಗಳು ಬೆಂಕಿಯನ್ನೇ ಬೇಡುತ್ತವೆ. ಕೆಸುವಿನಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುವುದರಿಂದ ಹಸಿಯಾಗಿ ತಿಂದರೆ ಗಂಟಲು ಕೆರೆಯುತ್ತದೆ. ಕೆಸುವಿನ ಎಲೆಯ ಪತ್ರೊಡೆಗೆ ಹುಣಸೆ ಹಾಕಿ ಹಬೆಯಲ್ಲಿ ಬೇಯಿಸುವುದು ಈ ತುರಿಕೆ ಅಡಗಿಸಲು. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಅದಕ್ಕೇ ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ನೆನೆಸಿಟ್ಟು, ಆಮೇಲೆ ಬೇಯಿಸುತ್ತಾರೆ. ಕಾಡುಗೆಣಸಿನ ಕೆಲವು ಜಾತಿಗಳಂತೂ ಬೇಯಿಸಿ ತೊಳೆಯದಿದ್ದರೆ ವಿಷ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕೂಡ ಗೆಣಸನ್ನು ಸುಟ್ಟೋ ಬೇಯಿಸಿಯೋ ತಿನ್ನುತ್ತ ಬಂದವರು. ಕಾಡನ್ನು ಎಲ್ಲರಿಗಿಂತ ಹತ್ತಿರದಿಂದ ಬಲ್ಲವರೇ ಬೆಂಕಿಯನ್ನು ಬಿಟ್ಟಿಲ್ಲವೆಂದ ಮೇಲೆ, ಕಂದಮೂಲ ಫಲಗಳಲ್ಲೇ ತೃಪ್ತನಾದ ವನವಾಸಿಯ ಚಿತ್ರ ಕಾವ್ಯದ ಆದರ್ಶ ಮಾತ್ರ. ಅದನ್ನು ಆಹಾರ ಚರಿತ್ರೆಯ ಸಾಕ್ಷ್ಯವೆಂದು ಮುಂದಿಡುವುದು ಸರಿಯಲ್ಲ.

ಧರ್ಮ ಮತ್ತು ವೈದ್ಯ ಪರಂಪರೆಗಳ ಸಾಕ್ಷ್ಯವೂ ಇದೇ ದಿಕ್ಕಿನದು. ಇಂದಿನ ಅಪಕ್ವಾಹಾರಿಗಳು ಅಹಿಂಸೆಯನ್ನು ಮುಂದಿಟ್ಟು ಮಾತಾಡುತ್ತಾರೆ. ಅಹಿಂಸೆಯನ್ನು ಎಲ್ಲರಿಗಿಂತ ಸೂಕ್ಷ್ಮವಾಗಿ ವಿಚಾರಿಸಿದ ಜೈನರು ತಲುಪಿದ ತೀರ್ಮಾನ ಇದಕ್ಕೆ ತೀರಾ ಎದುರು. ದಿಗಂಬರ ಶ್ರಾವಕನು, ಎಂದರೆ ಗೃಹಸ್ಥ ಜೈನನು, ಏರಬೇಕಾದ ಹನ್ನೊಂದು ಪ್ರತಿಮೆಗಳಲ್ಲಿ (ಸಾಧನೆಯ ಮೆಟ್ಟಿಲುಗಳಲ್ಲಿ) ಐದನೆಯದು ಸಚಿತ್ತತ್ಯಾಗ. ಬೇಯಿಸದ ಬೇರು, ಹಣ್ಣು, ಸೊಪ್ಪು, ಗೆಡ್ಡೆ, ಹೂವು, ಬೀಜಗಳಲ್ಲಿ ಜೀವವಿದೆ, ಆದ್ದರಿಂದ ಅವನ್ನು ಹಸಿಯಾಗಿ ತಿನ್ನಬಾರದು ಎಂದು ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ವಿಧಿಸುತ್ತದೆ. ಆಯುರ್ವೇದ ಜಠರಾಗ್ನಿಯ ಬಲವನ್ನು ನೋಡಿಯೇ ಆಹಾರ ಹೇಳುತ್ತದೆ. ಹಸಿ ಪದಾರ್ಥ ಅದರ ಲೆಕ್ಕದಲ್ಲಿ ಜೀರ್ಣಕ್ಕೆ ಭಾರ. ರಾಮನವಮಿಯ ಕೋಸಂಬರಿಯನ್ನು ಇದಕ್ಕೆ ಉತ್ತರವಾಗಿ ತೋರಿಸುವವರಿದ್ದಾರೆ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿ ಅದರಲ್ಲಿ ಹಸಿಯಾಗಿಯೇ ಇರುವುದು ನಿಜ. ಆದರೆ ಅದು ಉಪ್ಪು, ನಿಂಬೆರಸ, ಸಾಸಿವೆ ಒಗ್ಗರಣೆಯೊಂದಿಗೆ ಎಲೆಯ ತುದಿಯಲ್ಲಿ ಒಂದು ಚಮಚ ಬಡಿಸುವ ಪದಾರ್ಥ, ಊಟವಲ್ಲ. ಉಪ್ಪು ಖಾರ ಸೋಕದ ಹಸಿ ತಿನಿಸಿನ ನಿಜವಾದ ನಾಡರೂಢಿ ಇರುವುದು ಹೊಲದಲ್ಲಿ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಪಕ್ಕ ಹಕ್ಕರಕಿ, ಮೆಂತ್ಯ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿಗಳನ್ನು ಇದ್ದಂತೆಯೇ ಕಚ್ಚಿ ತಿನ್ನುತ್ತಾರೆ. ಕಡಲೆ ಗಿಡ ಕಿತ್ತು ಹಸಿ ಕಾಯಿ ಬಿಡಿಸಿ ತಿನ್ನುವುದು ಎಲ್ಲ ಕಡಲೆ ಸೀಮೆಗಳಲ್ಲೂ ಇದೆ. ಅಲ್ಲೂ ಹೊಟ್ಟೆ ತುಂಬಿಸುವುದು ಬೇಯಿಸಿದ ರೊಟ್ಟಿಯೇ ಎಂಬುದನ್ನು ಮರೆಯುವಂತಿಲ್ಲ.

ಒಂದು ಸಿದ್ಧಾಂತವಾಗಿ ಅಪಕ್ವಾಹಾರ ನಮ್ಮಲ್ಲಿಗೆ ಬಂದದ್ದು ಜರ್ಮನಿಯ ಪ್ರಕೃತಿ ಚಿಕಿತ್ಸೆಯ ಜೊತೆಗೆ. ಲೂಯಿ ಕೂನೆಯ ಗ್ರಂಥ 1894ರಲ್ಲಿ ತೆಲುಗಿಗೆ ಬಂತು. ಅಡಾಲ್ಫ್ ಜುಸ್ಟ್‌ನ ಪುಸ್ತಕ 1896ರದು. ಸ್ವಿಟ್ಜರ್ಲೆಂಡಿನಲ್ಲಿ ಬಿರ್ಖರ್ ಬೆನ್ನರ್ ಹಸಿ ಹಣ್ಣು ಕಾಯಿಗಳನ್ನೇ ಚಿಕಿತ್ಸೆಯಾಗಿಸಿದ. ಕೂನೆ, ಜುಸ್ಟ್ ಇಬ್ಬರನ್ನೂ ಓದಿಕೊಂಡಿದ್ದ ಗಾಂಧೀಜಿಯ ಪ್ರಯೋಗಗಳು ಇಲ್ಲಿ ವಿಶೇಷ ಗಮನಕ್ಕೆ ಯೋಗ್ಯ, ಏಕೆಂದರೆ ಅವು ಎರಡು ಬಗೆಯವು ಮತ್ತು ಎರಡರ ಫಲವೂ ಬೇರೆಬೇರೆ. ಬೇಯಿಸದ ಆಹಾರದ ಪ್ರಯೋಗವನ್ನು ಅವರು 1893ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಮಾಡಿ ಕೈಬಿಟ್ಟರು. 1929ರಲ್ಲಿ ಆಶ್ರಮದ ಸಂಗಾತಿಗಳೊಡನೆ ಮತ್ತೆ ಕೈಗೊಂಡು, ಯಂಗ್ ಇಂಡಿಯಾದಲ್ಲಿ ಅದರ ಬಗ್ಗೆ ಬರೆದು, ಆರೋಗ್ಯ ಕೆಟ್ಟದ್ದರಿಂದ ಕೆಲವೇ ತಿಂಗಳಲ್ಲಿ ನಿಲ್ಲಿಸಿದರು. ಮಸಾಲೆ ಬಿಟ್ಟ ಪ್ರಯೋಗ ಮಾತ್ರ ಜೀವನಪರ್ಯಂತ ಉಳಿಯಿತು. ಬೇಯಿಸಿದ ಸಪ್ಪೆ ಸೊಪ್ಪು ರುಚಿಸತೊಡಗಿದ್ದನ್ನು ಆತ್ಮಕಥೆಯಲ್ಲಿ ಹೇಳುತ್ತ, ರುಚಿಯ ನಿಜವಾದ ನೆಲೆ ಇರುವುದು ನಾಲಿಗೆಯಲ್ಲಲ್ಲ, ಮನಸ್ಸಿನಲ್ಲಿ ಎಂಬ ನಿರ್ಣಯಕ್ಕೆ ಅವರು ಬರುತ್ತಾರೆ. ಅಸ್ವಾದ, ಎಂದರೆ ನಾಲಿಗೆಯ ರುಚಿಯ ಮೇಲಿನ ಹಿಡಿತ, ಆಶ್ರಮದ ವ್ರತಗಳಲ್ಲಿ ಒಂದಾಯಿತು. ಕರ್ನಾಟಕದಲ್ಲಿ ಹಸಿ ಆಹಾರಕ್ಕೆ ಸಾಂಸ್ಥಿಕ ನೆಲೆ ಸಿಕ್ಕಿದ್ದು ತಡವಾಗಿ: ಬೆಂಗಳೂರಿನಲ್ಲಿ ಸೀತಾರಾಮ ಜಿಂದಾಲ್ 1979ರಲ್ಲಿ ಸ್ಥಾಪಿಸಿದ ಪ್ರಕೃತಿ ಚಿಕಿತ್ಸಾ ಕೇಂದ್ರ, ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಕಾಲೇಜು ಇಂಥ ನೆಲೆಗಳಲ್ಲಿ ಮುಖ್ಯವಾದವು. ಇಂಥ ಕಡೆ ಹಸಿ ಆಹಾರವೆಂಬುದು ವೈದ್ಯರ ಕಣ್ಗಾವಲಿನಲ್ಲಿ ಗೊತ್ತಾದ ಅವಧಿಗೆ ಕೊಡುವ ಪಥ್ಯ.

ಬೇಯಿಸಿದರೆ ಸತ್ವ ನಾಶವಾಗುತ್ತದೆ ಎಂಬ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಸಿ ಜೀವಸತ್ವದ ಮಟ್ಟಿಗೆ ಅದು ನಿಜ. ಟೊಮೆಟೊದ ಲೈಕೊಪೀನ್, ಕ್ಯಾರೆಟ್ಟಿನ ಕೆರೋಟಿನ್ ವಿಷಯದಲ್ಲಿ ಅದು ತಿರುಗುಮುರುಗು: ಬೆಂದ ಮೇಲೆಯೇ ಅವು ದೇಹಕ್ಕೆ ಸುಲಭವಾಗಿ ದಕ್ಕುತ್ತವೆ. ಅಡುಗೆಯೇ ಮನುಷ್ಯನ ಸಣ್ಣ ಹಲ್ಲು, ಮೋಟು ಕರುಳು, ದೊಡ್ಡ ಮಿದುಳುಗಳಿಗೆ ದಾರಿ ಮಾಡಿತು ಎಂದು ರಿಚರ್ಡ್ ರ‍್ಯಾಂಗಮ್ 2009ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಬೆಂಕಿಯ ಬಳಕೆ ಆ ವಾದಕ್ಕೆ ಬೇಕಾದಷ್ಟು ಹಿಂದಿನದೇ ಎಂಬ ತಕರಾರು ಇನ್ನೂ ಮುಗಿದಿಲ್ಲವಾದರೂ, ಜರ್ಮನಿಯ ಗೀಸೆನ್‌ನಲ್ಲಿ ದೀರ್ಘಕಾಲ ಹಸಿ ಆಹಾರ ಪಾಲಿಸಿದ 513 ಜನರ ಬಗ್ಗೆ 1999ರಲ್ಲಿ ಪ್ರಕಟವಾದ ಅಧ್ಯಯನವನ್ನು ತಳ್ಳಿಹಾಕುವುದು ಕಷ್ಟ. 45 ವರ್ಷದೊಳಗಿನ ಹೆಂಗಸರಲ್ಲಿ ಸುಮಾರು ಶೇ. 30ರಷ್ಟು ಮಂದಿಗೆ ಮುಟ್ಟು ಭಾಗಶಃ ಅಥವಾ ಪೂರ್ತಿ ನಿಂತಿತ್ತು. ಹಾಲನ್ನೂ ಬಿಟ್ಟವರಿಗೆ ಬಿ12 ಕೊರತೆಯ ಭಯ ಬೇರೆ. ಅದನ್ನು ಮಾತ್ರೆಯಿಂದಲೋ ಬಿ12 ಬೆರೆಸಿದ ಆಹಾರದಿಂದಲೋ ತುಂಬಿಕೊಳ್ಳದೆ ಗತಿಯಿಲ್ಲ. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಈ ಪಥ್ಯ ಹೇಳುವುದು ಅಪಾಯಕರ.

ಹಾಗಿದ್ದರೆ ಇದರಲ್ಲಿ ಉಳಿಯುವುದೇನು ಎಂದು ಕೇಳಬಹುದು. 1982ರಲ್ಲಿ ಬರ್ಟಿನೊ, ಬೋಷಂ ಮತ್ತು ಎಂಗಲ್‌ಮನ್ ಪ್ರಕಟಿಸಿದ ಪ್ರಯೋಗದಲ್ಲಿ, ಕೆಲವು ತಿಂಗಳ ಕಾಲ ಕಡಿಮೆ ಉಪ್ಪು ಉಂಡವರಿಗೆ ಮೊದಲಿಗಿಂತ ಕಡಿಮೆ ಉಪ್ಪಿನ ತಿನಿಸೇ ಹೆಚ್ಚು ಹಿತವಾಗತೊಡಗಿತು. ಗಾಂಧೀಜಿ ಕಂಡುಕೊಂಡದ್ದಕ್ಕೆ ಪ್ರಯೋಗಾಲಯದಿಂದ ಬಂದ ಸಮರ್ಥನೆ ಇದು. ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ನಮ್ಮ ಉಪ್ಪಿನಕಾಯಿ, ಹಪ್ಪಳ, ಸಾರುಗಳ ನಡುವೆ ಅಸಾಧ್ಯವಾಗಿ ಕಂಡರೂ ನಾಲಿಗೆ ಬದಲಾಗಬಲ್ಲದು, ಕಾಲ ಕೊಡಬೇಕಷ್ಟೆ. ಸಪ್ಪೆ ಎಂದರೆ ಬಡತನದ ಊಟವಲ್ಲವೇ ಎಂಬ ಆಕ್ಷೇಪದಲ್ಲಿ ನೋವಿನ ಸತ್ಯವಿದೆ. ಉಪ್ಪಿಗೂ ಗತಿಯಿಲ್ಲದೆ ಉಂಡವರ ಸಪ್ಪೆಗೂ ಆಯ್ದುಕೊಂಡ ಸಪ್ಪೆಗೂ ಇರುವ ಅಂತರವನ್ನು ಯಾವ ಆಹಾರ ಪ್ರಚಾರಕನೂ ಮರೆಯಬಾರದು. ಹೆಬ್ಬೆಯ ಸುತ್ತ ಇಂದು ಈ ಆಯ್ದ ಸಪ್ಪೆ ರುಚಿಯನ್ನು ರೂಢಿಸಿಕೊಳ್ಳಲು ಕಾಡಿಗೆ ಕೈಹಾಕಬೇಕಾಗಿಲ್ಲ, ಹಾಕುವಂತೆಯೂ ಇಲ್ಲ. ಅಭಯಾರಣ್ಯದೊಳಗಿನ ಹಣ್ಣು ಮಂಗಟ್ಟೆ, ಕರಡಿ, ಮುಸಿಯಗಳ ಪಾಲು. ತರೀಕೆರೆಯ ತೋಟದ ಬಾಳೆ, ಹಲಸು, ಎಳನೀರು, ಕಡೂರಿನ ತೆಂಗು, ಅಜ್ಜಂಪುರದ ಕಪ್ಪುನೆಲದ ಈರುಳ್ಳಿ, ಹಸಿ ಕಡಲೆ ಇವಿಷ್ಟೂ ಉಪ್ಪನ್ನು ಕೇಳದ ಪದಾರ್ಥಗಳು. ರಾಗಿಮುದ್ದೆಯ ಊಟದ ಜೊತೆ, ಊಟದ ಒಂದು ಪಾಲಾಗಿ, ಅವನ್ನು ಇದ್ದಂತೆಯೇ ತಿನ್ನಲು ಯಾವ ಸಿದ್ಧಾಂತದ ದೀಕ್ಷೆಯೂ ಬೇಕಿಲ್ಲ.