ಕಪ್ಪೆಚಿಪ್ಪೂ ಪರದೇಶದ ಅತಿಥಿಗಳೂ



ಜಮಖಂಡಿ, ರಬಕವಿ-ಬನಹಟ್ಟಿಯ ಕಡೆ ಕೃಷ್ಣೆ, ಮುಧೋಳದ ಕಡೆ ಘಟಪ್ರಭೆ. ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಎರಡೂ ಕೂಡುತ್ತವೆ. ಈ ನೀರಿನ ಕೆಸರಿನಲ್ಲಿ ಹುದುಗಿರುವ ಕಪ್ಪೆಚಿಪ್ಪನ್ನು ನೀವು ಕಂಡೇ ಇದ್ದೀರಿ. ಪಾಚಿಯನ್ನು ಸೋಸಿ ನೀರನ್ನು ತಿಳಿಗೊಳಿಸುವುದು ಅದರ ಕೆಲಸ. ಅದರ ಮರಿ ಮಾತ್ರ ಮೀನಿನ ಕಿವಿರಿಗೆ ಅಂಟಿಕೊಂಡೇ ಬೆಳೆಯಬೇಕು. ನಾಡಮೀನು ಕಡಿಮೆಯಾದರೆ ಚಿಪ್ಪಿನ ಸಂತತಿಗೂ ಕುತ್ತು.

ಈ ಬಾಳುವೆಗೆ ಅಡ್ಡ ಬಂದ ಅತಿಥಿಗಳು ಇಬ್ಬರು. ದಕ್ಷಿಣ ಅಮೆರಿಕದ ಜಲಕುಂಭಿ 19ನೆಯ ಶತಮಾನದ ಕೊನೆಗೆ ಹೂವಿನ ಚೆಲುವಿಗಾಗಿ ಬಂಗಾಳಕ್ಕೆ ಬಂದು ದೇಶವೆಲ್ಲ ಹಬ್ಬಿತು. ಅದು ಹಾಸಿದ ನೀರಿಗೆ ಬಿಸಿಲಿಲ್ಲ. ಕೊಳೆತಾಗ ಪ್ರಾಣವಾಯುವೂ ತೀರುತ್ತದೆ. ಮೀನು ಓಡೀತು, ಚಿಪ್ಪು ಎಲ್ಲಿಗೆ ಹೋದೀತು? ಇನ್ನೊಬ್ಬ ಆಫ್ರಿಕದ ತಿಲಾಪಿಯ, ನಮ್ಮವರ ಜಿಲೇಬಿ ಮೀನು. 1952ರಲ್ಲಿ ಆಹಾರಕ್ಕೆಂದು ಭಾರತಕ್ಕೆ ತಂದರು. ಬೇಗ ಬೇಗ ಮರಿ ಹಾಕಿ, ನಾಡಮೀನಿನ ಮೇವು, ಜಾಗ ಎರಡನ್ನೂ ಕಸಿಯಿತು.

ಪರಿಹಾರಕ್ಕೂ ಚರಿತ್ರೆಯುಂಟು. 1980ರ ದಶಕದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಜಲಕುಂಭಿ ತಿನ್ನುವ ಸೊಂಡಿಲುಹುಳುವನ್ನು ಹೊರದೇಶದಿಂದ ತರಿಸಿದರು. ಅದು ಬೆಳೆ ತಿನ್ನದೆಂದು ಪರೀಕ್ಷಿಸಿ ಬೆಂಗಳೂರಿನ ಕೆರೆಗಳಿಗೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ಕಳೆ ತಗ್ಗಿತು.

ನಮ್ಮ ಪಾಲಿನ ಕೆಲಸವೇನು? ಕಳೆಯನ್ನು ಹೂವಾಗುವ ಮೊದಲೇ ಕಿತ್ತು ದಂಡೆಯಿಂದ ದೂರ ಒಯ್ದು ಗೊಬ್ಬರ ಮಾಡ್ರಿ. ಔಷಧ ಹೊಡೆದು ನೀರಿನಲ್ಲೇ ಕೊಳೆಸಬ್ಯಾಡ್ರಿ. ಉಕ್ಕಿ ಹಳ್ಳ ಸೇರುವ ಹೊಂಡಕ್ಕೆ ಜಿಲೇಬಿ ಮೀನು ಬಿಡಬ್ಯಾಡ್ರಿ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ನಿಂತ ನೀರೆಂದರೆ ಜಲಕುಂಭಿಗೆ ಬಲು ಇಷ್ಟ. ನೀರು ನಿಲ್ಲಿಸಿದ ಕೈಗಳೇ ಅದನ್ನು ಕಾಯಲಿ.